ಅಪ್ಪ ತಟ್ಟಿ ನೋಡಿದ ಕಂಬ

ಇವತ್ತು ಅಪ್ಪನನ್ನು ಅಮೆರಿಕದ ಲೂಸಿಯಾನಾದ ಓಕ್ ಆಲಿಗೆ ಕರೆದುಕೊಂಡು ಹೋಗಿದ್ದೆ. ಮಿಸಿಸಿಪ್ಪಿ ನದಿ ಪಕ್ಕದ ಹಳೇ ಕಬ್ಬಿನ ತೋಟದ ಬಂಗಲೆ.

ಎಲ್ಲರೂ ಓಕ್ ಮರಗಳ ಸಾಲಿನ ಫೋಟೊ ತೆಗೆಯುತ್ತಿದ್ದರು. ಅಪ್ಪ ಸೀದಾ ಹೋಗಿ ಕಂಬವನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ತಟ್ಟಿದರು.

"ಕಲ್ಲಲ್ಲ ಕಣೋ. ಇಟ್ಟಿಗೆ. ಮೇಲೆ ಗಾರೆ."

ಎರಡು ಮನೆ ಕಟ್ಟಿಸಿದ ಕೈ, ಸುಮ್ನೆ ಬಿಡುತ್ತಾ!

ಮನೆಯ ನಾಲ್ಕೂ ಕಡೆ ಅಂಥ 28 ಕಂಬ. ಮುಂದೆ ಓಕ್ ಮರಗಳೂ 28. ಮರಗಳು ಮನೆಗಿಂತ ಎಷ್ಟೋ ಹಳೆಯವು. ಸುತ್ತಲೂ ಅಗಲ ಜಗಲಿ, ಎತ್ತರದ ಚಾವಣಿ, ನದಿ ಕಡೆಯಿಂದ ಗಾಳಿ. ಆ ಸೆಕೆಗೆ ಇನ್ನೇನು ಬೇಕು?

1837ರಿಂದ 1839ರವರೆಗೆ ಕಟ್ಟಿದ್ದು. ಕಟ್ಟಿಸಿದವರು ಜಾಕ್ ರೋಮನ್ ಅಂತಾರೆ. ಆ "ಕಟ್ಟಿಸಿದ" ಅನ್ನೋ ಪದದಲ್ಲೇ ಎಲ್ಲ ಅಡಗಿದೆ, ಅಲ್ವಾ? ಇಟ್ಟಿಗೆ ಮಾಡಿದ್ದು, ಹೊತ್ತಿದ್ದು, ಗೋಡೆ ಎಬ್ಬಿಸಿದ್ದು ಗುಲಾಮರು.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ಪೆಕಾನ್ ಒಡೆಯುತ್ತಾ ಕೂತಿದ್ದರು. ಅಕ್ರೋಟಿನಂಥದ್ದೇ ಒಂದು ಕಾಯಿ. ತೆಳು ಸಿಪ್ಪೆ, ಎರಡು ಕಾಯಿ ಸೇರಿಸಿ ಹಿಚುಕಿದರೆ ಸಾಕು. ಇಂಥ ಪೆಕಾನ್ ಮರಕ್ಕೆ ಮೊದಲ ಸಲ ಸರಿಯಾಗಿ ಕಸಿ ಕಟ್ಟಿದ್ದು ಇದೇ ತೋಟದ ಒಬ್ಬ ಗುಲಾಮ, 1840ರ ದಶಕದಲ್ಲಿ, ಅಂದೆ. ಆ ತಳಿಗೆ 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ಪ್ರದರ್ಶನದಲ್ಲಿ ಬಹುಮಾನವೂ ಬಂತು.

"ಅವನ ಹೆಸರೇನು?"

"ಆಂಟ್ವಾನ್."

"ಮುಂದೆ?"

"ಅಷ್ಟೇ ಅಪ್ಪ. ದಾಖಲೆಯಲ್ಲಿ ಅಷ್ಟೇ ಇರೋದು."

ಅಪ್ಪ ಇನ್ನೊಂದು ಕಾಯಿ ಒಡೆದು ಅರ್ಧ ನನ್ನ ಕೈಗಿಟ್ಟರು.