‘ಇವ್ರು’ ‘ಅವ್ರು’ ಆದ ಕಥೆ

ಹನ್ನೊಂದು ವರ್ಷ ಅವರನ್ನ ನಾನು ಹೆಸರಿಟ್ಟು ಕರೆದಿದ್ದೇ ಇಲ್ಲ. "ಇವ್ರು ಊರಲ್ಲಿಲ್ಲ", "ಇವ್ರಿಗೆ ಬದನೆಕಾಯಿ ಆಗಲ್ಲ", ಹೀಗೇ. ಲಾಯರ್ ಮುಂದೆ ಮೊದಲನೇ ದಿನ ಕೂತಾಗಲೂ "ಇವ್ರು" ಅಂತಾನೇ ಶುರು ಮಾಡ್ದೆ, ಅವರು ಬರೆಯೋದ್ ನಿಲ್ಸಿ "ಯಾರಮ್ಮಾ, ಇವ್ರಾ?" ಅಂತ ಪಕ್ಕದಲ್ಲಿ ಕೂತಿದ್ದ ನಮ್ಮಣ್ಣನ ಮುಖ ನೋಡಿದ್ರು. ಅಣ್ಣ ಪಾಪ ಕೆಂಪಗಾಗ್ಬಿಟ್ಟ.

ಹೋದ ವರ್ಷ ಡಿವೋರ್ಸ್ ಆಯ್ತು, ಜಗಳ ಇಲ್ದೆ ಆಯ್ತು ಅನ್ನಲ್ಲ, ಕೋರ್ಟಲ್ಲಿ ಜಗಳ ಇಲ್ದೆ ಆಯ್ತು. ಆಮೇಲೆ ಮೂರ್ನಾಲ್ಕು ಜನ "ಹೆಂಗ್ ಮಾಡಿದ್ರಿ" ಅಂತ ಮೆಸೇಜ್ ಮಾಡಿ ಕೇಳಿದ್ರು, ಒಬ್ಬೊಬ್ರಿಗೂ ಟೈಪ್ ಮಾಡೋ ಬದ್ಲು ಇಲ್ಲೇ ಬರ್ದ್ಬಿಡ್ತೀನಿ. ಯಾಕೆ ಬೇರೆ ಆದ್ವಿ ಅನ್ನೋದು ಇಲ್ಲಿರಲ್ಲ, ಅದಕ್ಕೆ ಬಂದಿದ್ರೆ ಸಾರಿ.

ಎಲ್ಲಕ್ಕಿಂತ ಮೊದ್ಲು ಆಗಿದ್ದು ಪಂಚಾಯ್ತಿ. ತುಮಕೂರಲ್ಲಿ ಸೋದರಮಾವನ ಮನೆ ಹಾಲಲ್ಲಿ ಎರಡೂ ಕಡೆಯಿಂದ ಸೇರಿ ಹದಿನಾಲ್ಕು ಜನ, ಪ್ಲಾಸ್ಟಿಕ್ ಚೇರು, ಮೂರು ರೌಂಡ್ ಕಾಫಿ. ಮಾತು ನಮ್ಮಿಬ್ರ ಬಗ್ಗೆ ಶುರುವಾಗಿ, ಮದುವೆ ದಿನ ಬೀಗರಿಗೆ ಸರಿಯಾಗಿ ಉಪಚಾರ ಮಾಡ್ಲಿಲ್ಲ ಅನ್ನೋದಕ್ಕೆ ಬಂದು ನಿಂತ್ಕೊಳ್ತು. ನಮ್ಮಿಬ್ರನ್ನ ಯಾರೂ ಏನೂ ಕೇಳ್ಲೇ ಇಲ್ಲ. ಕೊನೇಲಿ ಮಾವ, "ಒಂದ್ ಛಾಪಾ ಕಾಗ್ದ ತಂದು ಬರ್ಸಿ, ಇಬ್ರೂ ಸೈನ್ ಹಾಕಿ, ನೋಟರಿ ಮಾಡ್ಸಿ, ಮುಗೀತಲ್ಲ" ಅಂದ್ರು. ತುಂಬಾ ಜನ ಹೀಗೇ ನಂಬ್ಕೊಂಡಿದ್ದಾರೆ. ಮುಗಿಯಲ್ಲ! ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ನಡ್ಕೊಂಡು ಬಂದ ಪದ್ಧತಿ ಇದ್ರೆ ಅದಕ್ಕೆ ಕಾನೂನಲ್ಲೇ ಜಾಗ ಇದೆ, ಆದ್ರೆ ಅದನ್ನ ಪ್ರೂವ್ ಮಾಡ್ಬೇಕು. ನಮ್ಮಂಥವ್ರಿಗೆ 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಕೋರ್ಟ್ ಡಿಕ್ರಿ (ಅಂತಿಮ ಆದೇಶ) ಆಗ್ಲೇಬೇಕು, ಬಾಂಡ್ ಪೇಪರ್ ನಂಬ್ಕೊಂಡು ಇನ್ನೊಂದ್ ಮದುವೆ ಆದ್ರೆ ಅದು ಮದುವೇನೇ ಅಲ್ಲ, ಮೇಲೆ ಕೇಸು ಬೇರೆ.

ಅಂದ್ರೆ "ಕೋರ್ಟಿಗೆ ಹೋಗ್ದೇನೇ ಡಿವೋರ್ಸ್" ಅನ್ನೋದು ನಮ್ಮಲ್ಲಿ ಪೂರ್ತಿ ನಿಜ ಅಲ್ಲ. ಜಗಳ ಹೊರಗಡೆ ಮುಗಿಸ್ಕೊಂಡು, ಕೋರ್ಟಿಗೆ ಮುಗಿದಿರೋ ಕಾಗದ ಮಾತ್ರ ತಗೊಂಡು ಹೋಗ್ಬಹುದು. ನಾವು ಮಾಡಿದ್ದು ಅಷ್ಟೇ.

ನಾನು ಮೊದ್ಲು ನೋಡಿದ ಲಾಯರ್ ನನ್ನ ಮಾತು ಐದು ನಿಮಿಷ ಕೇಳಿ, "ಒಂದು ಡಿವಿ ಹಾಕೋಣ, ಒಂದು 498ಎ ಹಾಕೋಣ, ತಾನಾಗೇ ದಾರಿಗೆ ಬರ್ತಾರೆ" ಅಂದ್ರು. (ಡಿವಿ ಅಂದ್ರೆ ಕೌಟುಂಬಿಕ ದೌರ್ಜನ್ಯದ ಕೇಸು, 498ಎ ಅಂದ್ರೆ ಗಂಡ, ಗಂಡನ ಮನೆಯವ್ರ ಕ್ರೌರ್ಯದ ಕೇಸು. ಆ 498ಎ ಈಗ ಹೊಸ ಕಾನೂನು ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್‌ನ 85 ಆಗಿದೆ, ಆದ್ರೂ ಎಲ್ರ ಬಾಯಲ್ಲೂ ಹಳೇ ನಂಬರೇ.) ಹೊಡೆದಿಲ್ಲ, ವರದಕ್ಷಿಣೆ ಕೇಳಿಲ್ಲ, ಯಾವ್ದಕ್ಕೆ ಸರ್ ಹಾಕೋದು ಅಂದ್ರೆ, "ಅದೆಲ್ಲಾ ಬರ್ಕೊಳೋಣ ಬಿಡಿ" ಅಂತಾರೆ. ಎದ್ದು ಬಂದೆ. ಇಲ್ಲೇ ಒಂದು ಮಾತು ಹೇಳ್ಬಿಡ್ತೀನಿ, ನಿಜವಾಗ್ಲೂ ಹೊಡೆತ ಬಡಿತ ಇರೋ ಮನೆ ಆದ್ರೆ ನಾನು ಬರೀತಿರೋ ಈ ದಾರಿ ನಿಮಗಲ್ಲ. ಹೆದರ್ಕೊಂಡಿರೋರು ಹೆದರಿಸೋರ ಜೊತೆ ಒಂದೇ ಟೇಬಲ್ಲಲ್ಲಿ ಕೂತು ಮಾತಾಡೋದು ಮಾತುಕತೆ ಅನ್ನಿಸ್ಕೊಳಲ್ಲ, ಕೇಸ್ ಹಾಕಿ, ಅದಕ್ಕೇ ಕಾನೂನು ಇರೋದು.

ಎರಡನೇ ಲಾಯರ್ ಮೇಡಂ ಹೇಳಿದ್ದು ಬೇರೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಸ್ಟೂ ವೆಬ್ ಅಂತ ಫ್ಯಾಮಿಲಿ ಲಾಯರ್, ಕೋರ್ಟಲ್ಲಿ ಕಿತ್ತಾಡ್ಸಿ ಕಿತ್ತಾಡ್ಸಿ ಸಾಕಾಗಿ 1990ರಲ್ಲಿ ಒಂದು ಪದ್ಧತಿ ಶುರು ಮಾಡಿದ್ರಂತೆ. ಗಂಡ ಹೆಂಡತಿ ಇಬ್ರಿಗೂ ಒಬ್ಬೊಬ್ರು ಲಾಯರ್ ಇರ್ತಾರೆ, ನಾಲ್ಕೂ ಜನ ಒಟ್ಟಿಗೆ ಕೂತು ಮಾತಾಡ್ತಾರೆ, ಆದ್ರೆ ಮಾತು ಮುರಿದು ಬಿದ್ದು ಕೇಸ್ ಕೋರ್ಟಿಗೆ ಹೋದ್ರೆ ಆ ಇಬ್ರೂ ಲಾಯರ್ ಆ ಕೇಸ್ ಬಿಡ್ಬೇಕು, ಇವರು ಹೊಸ ಲಾಯರ್ ಹುಡುಕ್ಕೋಬೇಕು. ಎಷ್ಟು ಸರಳ ನೋಡಿ, ಜಗಳ ಎಳೆದಷ್ಟೂ ಲಾಯರ್‌ಗೆ ಸಂಪಾದನೆ ಅನ್ನೋ ಗಂಟನ್ನೇ ಬಿಚ್ಚಿ ಹಾಕಿದ್ದಾರೆ. ನಮ್ಮಲ್ಲಿ ಇದು ಅಷ್ಟಾಗಿ ಬಳಕೇಲಿಲ್ಲ, ಆದ್ರೂ ಮೇಡಂ ಆ ಕಡೆ ಲಾಯರ್ ಹತ್ರ ಮಾತಾಡಿ, ನಾವೂ ಹಂಗೇ ಬಾಯ್ಮಾತಲ್ಲಿ ಒಪ್ಕೊಳೋಣ, ಜೊತೆಗೆ ಯಾರ ಕಡೆಗೂ ಸೇರ್ದೆ ಮಾತುಕತೆ ನಡೆಸಿಕೊಡೋಕೆ ಒಬ್ರು ಮೀಡಿಯೇಟರ್ ಇರ್ಲಿ ಅಂದ್ರು. ಜಯನಗರದಲ್ಲಿ ಮೀಡಿಯೇಟರ್ ಆಫೀಸಲ್ಲಿ ಐದು ಸಲ ಕೂತ್ವಿ, ಒಂದೊಂದ್ಸಲ ಎರಡು ಎರಡೂವರೆ ಗಂಟೆ.

ದುಡ್ಡು ಕೊಟ್ಟು ಮೀಡಿಯೇಟರ್ ಹತ್ರ ಹೋಗೋಕಾಗಲ್ಲ ಅನ್ನೋರಿಗೂ ದಾರಿ ಇದೆ. ಕೇಸ್ ಹಾಕಿದ್ಮೇಲೂ ಮೊದ್ಲು ರಾಜಿಗೆ ಪ್ರಯತ್ನ ಮಾಡೋದು ಫ್ಯಾಮಿಲಿ ಕೋರ್ಟಿನ ಕರ್ತವ್ಯ ಅಂತ 1984ರ ಕಾಯ್ದೇಲೇ ಇದೆ, ಬೆಂಗಳೂರಲ್ಲಿ ಅವರು ಕಳ್ಸೋದು ಹೈಕೋರ್ಟ್ ಕೆಳಗೆ 2007ರಿಂದ ನಡೀತಿರೋ ಮೀಡಿಯೇಷನ್ ಸೆಂಟರ್‌ಗೆ. ಅಲ್ಲಿ ನಮ್ಮ ಹತ್ರ ಫೀಸ್ ತಗೊಳಲ್ಲ. ಅಲ್ಲಿ ಆಡಿದ ಮಾತನ್ನ ಆಮೇಲೆ ಕೋರ್ಟಲ್ಲಿ ನಿಮ್ಮ ವಿರುದ್ಧ ಎತ್ತೋ ಹಾಗೂ ಇಲ್ಲ, ಅದು ದೊಡ್ಡ ಧೈರ್ಯ.

ಮೊದಲನೇ ಸಿಟ್ಟಿಂಗಲ್ಲಿ ಬರೀ ಲೆಕ್ಕ. ಜೀವನಾಂಶದ ಕೇಸಲ್ಲಿ ಇಬ್ರೂ ಆಸ್ತಿ, ಸಾಲ, ಆದಾಯ ಎಲ್ಲ ಅಫಿಡವಿಟ್ಟಲ್ಲಿ ಬಿಚ್ಚಿಡ್ಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆಯಲ್ಲ, ಅದೇ ಫಾರ್ಮ್ಯಾಟ್ ತುಂಬ್ಸಿದ್ರು. ಹನ್ನೊಂದು ವರ್ಷ ಸಂಸಾರ ಮಾಡಿ ಅವರ ಪಿಎಫ್ ಎಷ್ಟಿದೆ ಅಂತ ನಂಗೆ ಗೊತ್ತಾಗಿದ್ದು ಅವತ್ತು, ನಾನು ಚೀಟಿ ಹಾಕಿದ್ದು ಅವರಿಗೆ ಗೊತ್ತಾಗಿದ್ದೂ ಅವತ್ತೇ. ನನ್ನ ಒಡವೆ ವಿಷ್ಯ ಬೇಗ ಮುಗೀತು, ಸ್ತ್ರೀಧನ ಹೆಣ್ಣಿಂದೇ ಅಂತ ಆ ಕಡೆ ಲಾಯರೇ ಹೇಳಿ ಲಾಕರ್ ಕೀ ತರ್ಸಿಕೊಟ್ರು.

ಫ್ಲ್ಯಾಟ್ ಮಾತ್ರ ತಲೆನೋವು. ಲೋನ್ ಇಬ್ರ ಹೆಸ್ರಲ್ಲಿ. ಮನೆ ಅವರು ಇಟ್ಕೊಂಡು ನನ್ನ ಪಾಲು ಕೊಡೋದು ಅಂತ ಒಂದು ಗಂಟೇಲಿ ಒಪ್ಕೊಂಡ್ವಿ, ಬ್ಯಾಂಕಿಗೆ ಹೋದ್ರೆ "ನಿಮ್ಮಿಬ್ರ ಅಗ್ರಿಮೆಂಟ್ ನಿಮ್ಮದು, ಸಾಲಕ್ಕೆ ಇಬ್ರೂ ಜವಾಬ್ದಾರಿ" ಅಂದ್ರು. ಸರಿಯಾಗೇ ಹೇಳಿದ್ರು ಅನ್ನಿ. ಅವರೊಬ್ರ ಸಂಬಳದ ಮೇಲೆ ಲೋನ್ ಹೊಸದಾಗಿ ಮಾಡ್ಸಿ ನನ್ನ ಹೆಸ್ರು ತೆಗೆಯೋಕೆ ನಾಲ್ಕು ತಿಂಗ್ಳು ಹಿಡೀತು. ನೀವೇನಾದ್ರೂ ಈ ದಾರೀಲಿದ್ರೆ ಸೈನ್ ಹಾಕೋಕ್ ಮುಂಚೆ ಬ್ಯಾಂಕಿಗೆ ಹೋಗ್ಬನ್ನಿ.

ಮೂರನೇ ಸಿಟ್ಟಿಂಗ್ ಪೂರ್ತಿ ಗ್ರೈಂಡರ್‌ಗೆ ಹೋಯ್ತು. ನಗ್ಬೇಡಿ. ನಮ್ಮಮ್ಮ ಮದುವೆಗೆ ಕೊಟ್ಟ ವೆಟ್ ಗ್ರೈಂಡರ್ರು. ಲಕ್ಷಗಟ್ಲೆ ದುಡ್ಡಿನ ವಿಷ್ಯ ತಣ್ಣಗೆ ಮಾತಾಡಿದ್ದ ಇಬ್ರೂ ಅದಕ್ಕೆ ಧ್ವನಿ ಏರಿಸ್ಕೊಂಡು ಕೂತ್ವಿ. ಇಬ್ರು ಲಾಯರ್‌ಗಳೂ ಸೀಲಿಂಗ್ ನೋಡ್ತಿದ್ರು. ಮೀಡಿಯೇಟರ್ ನಮ್ಮನ್ನ ಬೇರೆಬೇರೆ ರೂಮಲ್ಲಿ ಕೂರಿಸ್ಕೊಂಡು, ಯಾರ್ದು ಅಂತ ಕೇಳ್ಲಿಲ್ಲ, "ಅದ್ರಲ್ಲಿ ಏನ್ ಮಾಡ್ತೀರಾ?" ಅಂದ್ರು. ನಾನು ಯೋಚ್ನೆ ಮಾಡ್ದೆ, ಆಫೀಸಿಂದ ಬರೋದು ರಾತ್ರಿ ಎಂಟಕ್ಕೆ, ಎರಡು ವರ್ಷದಿಂದ ನಾನು ರುಬ್ಬಿರೋದೇ ಇಲ್ಲ, ಅಂಗಡಿ ಹಿಟ್ಟೇ ಗತಿ. ಆ ಕಡೆ ಅವರು ನಮ್ಮ ಮಗಳ ನೆನಪು ತೆಗೆದು "ಪುಟ್ಟಿ ಬಂದಾಗ ದೋಸೆ ಕೇಳ್ತಾಳೆ, ಅದೊಂದಾದ್ರೂ ನಾನೇ ಮಾಡಿ ಹಾಕ್ಬೇಕು" ಅಂದ್ರಂತೆ. ಅವರ ಒಪ್ಪಿಗೆ ತಗೊಂಡೇ ಮೀಡಿಯೇಟರ್ ನಂಗೆ ಬಂದು ಹೇಳಿದ್ದು. ತಗೊಂಡ್ ಹೋಗ್ಲಿ ಬಿಡಿ ಅಂದೆ. ಅಮ್ಮ ನನ್ ಮೇಲೆ ಇವತ್ತಿಗೂ ಸಿಟ್ಟಲ್ಲಿದಾರೆ.

ಮಗಳ ವಿಷ್ಯಕ್ಕೆ ಹೆಚ್ಚು ಟೈಮ್ ಕೊಟ್ವಿ, ಜಗಳ ಕಮ್ಮಿ ಆಯ್ತು. ವಾರಪೂರ್ತಿ ನನ್ನ ಹತ್ರ, ವಾರ ಬಿಟ್ಟು ವಾರ ಶನಿವಾರ ಭಾನುವಾರ ಅಲ್ಲಿ, ದಸರಾ ರಜ ಅರ್ಧ ಅರ್ಧ, ಬೇಸಿಗೇಲಿ ಎರಡು ವಾರ ತೀರ್ಥಹಳ್ಳೀಲಿ ಅಜ್ಜಿ ಮನೆ. ಸ್ಕೂಲ್ ಡೈರಿಗೆ ಯಾರ ಸೈನು, ಪಾಸ್‌ಪೋರ್ಟ್ ಮಾಡ್ಸೋಕೆ ಇಬ್ರೂ ಸಹಿ ಕೊಡ್ಬೇಕು, ಜ್ವರ ಬಂದ್ರೆ ಯಾರು ರಜ ಹಾಕೋದು, ಇಂಥ ಸಣ್ಣಪುಟ್ಟದ್ದೆಲ್ಲಾ ಬರ್ಸಿದ್ರು. ಆಗ ಅತಿಯಾಯ್ತು ಅನ್ನಿಸ್ತು, ಈಗ ದಿನಾ ಕೆಲಸಕ್ಕೆ ಬರ್ತಿರೋದು ಅದೇ ಪುಟ.

ಆಮೇಲೆ ಇಬ್ರೂ ಸೇರಿ 13ಬಿ ಅರ್ಜಿ, ಅಂದ್ರೆ ಪರಸ್ಪರ ಒಪ್ಪಿಗೆ ವಿಚ್ಛೇದನ, 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ಸೇರಿದ್ದು. ಒಂದು ವರ್ಷ ಬೇರೆ ಇರ್ಬೇಕು. ಒಂದೇ ಮನೇಲಿದ್ರೂ ಗಂಡ ಹೆಂಡ್ತಿ ಥರ ಬಾಳ್ದೇ ಇದ್ರೆ ಅದೂ ಲೆಕ್ಕಕ್ಕೆ ಬರುತ್ತೆ ಅಂತ 1991ರ ತೀರ್ಪಿದೆ, ನಮ್ಮ ಐದು ತಿಂಗ್ಳು ಹಾಗೆ ಸೇರ್ಕೊಂಡು ಒಟ್ಟು 14 ತಿಂಗ್ಳಾಗಿತ್ತು. ಅರ್ಜಿ ಹಾಕಿದ್ಮೇಲೆ ಮತ್ತೆ ಆರು ತಿಂಗ್ಳು ಕಾಯ್ಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಈ ಆರು ತಿಂಗ್ಳನ್ನ ಕೋರ್ಟು ಮನ್ನಾ ಮಾಡ್ಬಹುದು ಅಂತ ಹೇಳಿದೆ, ಆದ್ರೆ ಅರ್ಜಿಗೆ ಮುಂಚೇನೇ ಒಂದೂವರೆ ವರ್ಷ ಬೇರೆ ಇದ್ದು, ಮಕ್ಕಳು ದುಡ್ಡು ಎಲ್ಲ ಇತ್ಯರ್ಥ ಆಗಿರೋರಿಗೆ ಅಂತ. ಕೇಳಿ ನೋಡ್ಬಹುದಿತ್ತೇನೋ, ನಾವೇ ಬೇಡ ಅಂದ್ವಿ, ಆ ಆರು ತಿಂಗ್ಳು ಮಗಳ ಟೈಮ್‌ಟೇಬಲ್ ಹೆಂಗ್ ನಡಿಯುತ್ತೆ ನೋಡೋಣ ಅಂತ. ಬುಧವಾರ ಸಂಜೆ ಭೇಟಿ ಅಂತ ಇಟ್ಟಿದ್ದು ಟ್ರಾಫಿಕ್ಕಲ್ಲಿ ಒಂದ್ಸಲಾನೂ ಸರಿಯಾಗಿ ಆಗ್ಲಿಲ್ಲ, ತೆಗೆದು ಏಳೂವರೆಗೆ ವಿಡಿಯೋ ಕಾಲ್ ಮಾಡಿದ್ವಿ. ಡಿಕ್ರಿ ಆಗೋವರೆಗೂ ಯಾರ್ ಬೇಕಾದ್ರೂ ಒಪ್ಪಿಗೆ ವಾಪಸ್ ತಗೋಬಹುದು, ಅದಕ್ಕೇ ಆ ಆರು ತಿಂಗ್ಳಲ್ಲಿ ಎರಡೂ ಕಡೆ ನೆಂಟರ ಫೋನು ಜಾಸ್ತಿ ಆಯ್ತು.

ಕೊನೇ ದಿನ ಫ್ಯಾಮಿಲಿ ಕೋರ್ಟ್ ಇರೋ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಹತ್ತೂವರೆಗೇ ಹೋಗಿ ಕೂತಿದ್ವಿ, ಕರೆದಿದ್ದು ಒಂದು ಗಂಟೆಗೆ. ಕಾರಿಡಾರಲ್ಲಿ ಇಬ್ರೂ ಒಂದೇ ಬೆಂಚಲ್ಲಿ ಕೂತಿದ್ದು ನೋಡಿ ಪಕ್ಕದ ಅಜ್ಜಿ "ನಿಮ್ಮ ಮಕ್ಕಳದ್ದಾ ಕೇಸು?" ಅಂದ್ರು, ಅಷ್ಟು ವಯಸ್ಸಾಗಿ ಕಾಣ್ತಿದ್ವೇನೋ. ಒಳಗಡೆ ಬಲವಂತ ಏನಾದ್ರೂ ಇದ್ಯಾ, ಓದಿ ಸೈನ್ ಹಾಕಿದ್ದೀರಾ ಅಂತ ಕೇಳಿದ್ರು, ಹತ್ತು ನಿಮಿಷಾನೂ ಆಗ್ಲಿಲ್ಲ. ಆಚೆ ಬಂದ್ಮೇಲೆ ಅಣ್ಣ "ಅವ್ರೆಲ್ಲಿ?" ಅಂತ ಕೇಳ್ದ. "ಅವ್ರು ಹೋದ್ರು" ಅಂದೆ, ಅಂದ್ಮೇಲೆ ನನ್ನ ಕಿವಿಗೇ ಅದು ಹೊಸದಾಗಿ ಕೇಳಿಸ್ತು.

ಮೊನ್ನೆ ಭಾನುವಾರ ಪುಟ್ಟಿ ಅಲ್ಲಿಂದ ಬರ್ತಾ ಒಂದು ಸ್ಟೀಲ್ ಡಬ್ಬಿ ತಂದ್ಳು, ದೋಸೆ ಹಿಟ್ಟು, ಅಪ್ಪ ಕೊಟ್ರು ಅಂತ. ಸೋಮವಾರ ಬೆಳಗ್ಗೆ ಹುಯ್ದ್ರೆ ಒಂದೂ ಮೇಲೆ ಏಳ್ಲಿಲ್ಲ, ಕಾವಲಿಗೆ ಕಚ್ಕೊಂಡು ಕೂತ್ಕೊಳ್ತು. "ಉದ್ದು ಜಾಸ್ತಿ ಆಗಿದೆ, ನಾಲ್ಕಕ್ಕೆ ಒಂದು ಹಾಕಿ" ಅಂತ ಮೆಸೇಜ್ ಮಾಡ್ದೆ. ಸಂಜೆ ಒಂದು ಥಂಬ್ಸಪ್ ಬಂತು.