ನನ್ನ ಸಾಲಿನಲ್ಲಿ ನಾಲ್ಕೇ ಗಿಡ

ನಮ್ಮ ಐದನೇ ಕ್ಲಾಸಿನ ಗೋಡೆ ಮೇಲೆ ಒಂದು ಚಾರ್ಟ್ ಇತ್ತು. ಜೊತೆಗೆ ಓದಿದವರಿಗೆ ನೆನಪಿರಬಹುದು. ನಾವು ತಿನ್ನೋದರಲ್ಲಿ ಬೇರು ಯಾವುದು, ಕಾಂಡ ಯಾವುದು, ಎಲೆ ಯಾವುದು, ಕಾಯಿ ಯಾವುದು ಅಂತ ಚಿತ್ರ ಕತ್ತರಿಸಿ ನಾವೇ ಅಂಟಿಸಿದ್ದೆವು. ಬೇರಿನ ಕಡೆ ಕ್ಯಾರೆಟ್, ಮೂಲಂಗಿ, ಆಲೂಗಡ್ಡೆ, ಅದರ ಪಕ್ಕ ಕಡಲೆಕಾಯಿ. ಮಣ್ಣಿನೊಳಗೆ ಸಿಗುತ್ತೆ ಅಂದ ಮೇಲೆ ಬೇರೇ ಅಲ್ವಾ? ಹೆಸರಿನಲ್ಲೇ ಕಾಯಿ ಅಂತಿದೆ, ಆದರೂ ಒಬ್ಬರಿಗೂ ಹೊಳೆಯಲಿಲ್ಲ. ಮೇಷ್ಟ್ರು ಚಾರ್ಟ್ ನೋಡಿ ನಕ್ಕರು, ಸರಿ ತಪ್ಪು ಏನೂ ಹೇಳಲಿಲ್ಲ. ಮುಂದಿನ ವಾರ ಹೊಲಕ್ಕೆ ಹೋಗೋಣ ಅಂದರು.

ಆ ವರ್ಷ ಒಂದೇ ಹೊಲಕ್ಕೆ ಮೂರು ಸಲ ಹೋದೆವು.

ಮೊದಲನೇ ಸಲ ನಿಜ ಹೇಳಬೇಕೆಂದರೆ ತುಂಬಾ ಬೇಜಾರಾಯಿತು. ಟ್ರಿಪ್ ಅಂದರೆ ಏನೇನೋ ನೋಡಲು ಸಿಗುತ್ತೆ ಅಂದುಕೊಂಡಿದ್ದ ನಮಗೆ ಅಲ್ಲಿ ಕಂಡಿದ್ದು ಉತ್ತು ಬಿಟ್ಟಿದ್ದ ಬರೀ ಮಣ್ಣು. ಹೊಲ ನೋಡಿಕೊಳ್ಳುತ್ತಿದ್ದ ಅಕ್ಕ ಎಲ್ಲರ ಕೈಗೂ ಒಂದೊಂದು ಹಿಡಿ ಕಡಲೆಕಾಯಿ ಬೀಜ ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ಸಾಲು ತೋರಿಸಿ, ಎರಡು ಇಂಚಿಗಿಂತ ಆಳಕ್ಕೆ ಹಾಕಬೇಡಿ ಅಂದರು. ನಾನು ಹಕ್ಕಿ ತಿಂದುಬಿಡುತ್ತೆ ಅಂತ ಪೂರ್ತಿ ಬೆರಳು ಇಳಿಸಿ ಹಾಕಿದೆ. ಜಾಣತನ!

ಆಮೇಲೆ ಕೊಟ್ಟಿಗೆ. ಹಸು ದಿನಾ ಹಾಲು ಕೊಡೋದೇ ಅದರ ಕೆಲಸ ಅನ್ನೋ ಥರ ಇದ್ದೆವು ನಾವು. ಕರು ಹಾಕದೆ ಹಾಲು ಎಲ್ಲಿಂದ ಬರುತ್ತೆ, ಒಂಬತ್ತು ತಿಂಗಳು ಗಬ್ಬ ಇರಬೇಕು ಅದಕ್ಕೆ ಅಂತ ಅಕ್ಕ ಹೇಳಿದಾಗ, ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಹಾಗಾದ್ರೆ ನಾವು ಕುಡಿಯೋದು ಕರು ಹಾಲಾ ಅಕ್ಕ?" ಅಕ್ಕ ಮಾತು ಹಾರಿಸಲಿಲ್ಲ. "ಹೌದಮ್ಮ, ಕರುದೇ. ಮೊದಲು ಬರೋ ಗಿಣ್ಣು ಹಾಲು ಅದು ಕುಡಿಯಲೇಬೇಕು, ಇಲ್ಲ ಅಂದ್ರೆ ಕರು ಗಟ್ಟಿ ಆಗಲ್ಲ. ಆಮೇಲೆ ನಾವು ಪಾಲು ತಗೋತೀವಿ" ಅಂದರು. ಅಲ್ಲಿವರೆಗೂ ಗಲಾಟೆ ಮಾಡುತ್ತಿದ್ದವರೆಲ್ಲ ಕರುವನ್ನೇ ನೋಡುತ್ತಾ ನಿಂತೆವು. ಹಸುವಿನ ಬಾಯಿ ತೆರೆಸಿ ತೋರಿಸಿದರು, ಮೇಲೆ ಮುಂದಿನ ಹಲ್ಲೇ ಇಲ್ಲ. ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದುಕೊಂಡು ನುಂಗುತ್ತೆ, ಆಮೇಲೆ ನಿಧಾನವಾಗಿ ಮಲಗಿ ಮೆಲುಕು ಹಾಕುತ್ತೆ.

ಮೊಟ್ಟೆ ವಿಷಯ ಹೇಳಲೇಬೇಕು. ಕೋಳಿ ಆಗ ತಾನೇ ಇಟ್ಟ ಮೊಟ್ಟೆ ನನ್ನ ಅಂಗೈಗೆ ಬಂತು. ಬಿಸಿ ಇತ್ತು, ಮೇಲೆ ಸ್ವಲ್ಪ ಪಸೆ ಇತ್ತು. ನೋಡುತ್ತಿದ್ದ ಹಾಗೇ ಆ ಪಸೆ ಆರಿ ಚಿಪ್ಪು ಮಂಕಾಯಿತು. ಅದೊಂದು ಮೊಟ್ಟೆಗೆ ಕೋಳಿಗೆ ಹೆಚ್ಚುಕಡಿಮೆ ಪೂರ್ತಿ ಒಂದು ದಿನ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತೆ ಅಂತ ಮೇಷ್ಟ್ರು ಹೇಳಿದರು. ನಾನು ಅದನ್ನು ವಾಪಸ್ ಕೊಡೋಕೆ ಒಪ್ಪಲಿಲ್ಲ, ಬೈಸಿಕೊಂಡು ಕೊಟ್ಟೆ. ಬುತ್ತಿ ಬಿಚ್ಚೋ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕಿತ್ತು. ಕೊಟ್ಟಿಗೆ, ಕೋಳಿಗೂಡು ಮುಟ್ಟಿದ ಕೈ, ಸುಮ್ನೆ ನೀರಲ್ಲಿ ಅದ್ದಿದರೆ ಅಕ್ಕ ಮತ್ತೆ ಕಳಿಸುತ್ತಿದ್ದರು.

ಎರಡನೇ ಸಲ ಹೋಗುವಷ್ಟರಲ್ಲಿ ಒಂದೂವರೆ ತಿಂಗಳಾಗಿತ್ತು. ಹೊಲ ತುಂಬಾ ಹಸಿರು, ಹಳದಿ ಹೂವು. ನನ್ನ ಸಾಲಿನಲ್ಲಿ ಮಾತ್ರ ನಾಲ್ಕೇ ಗಿಡ. ಆಳಕ್ಕೆ ಹೋದ ಬೀಜಕ್ಕೆ ಮೇಲೆ ಬರೋ ಶಕ್ತಿ ಸಾಲಲಿಲ್ಲ ಅಂದರು ಅಕ್ಕ. ಅವತ್ತೇ ಕಡಲೆಕಾಯಿಯ ಗುಟ್ಟು ಗೊತ್ತಾಗಿದ್ದು. ಒಂದು ಕೊಂಬೆ ಎತ್ತಿ ತೋರಿಸಿದರು: ಹೂವು ಬಾಡಿದ ಜಾಗದಿಂದ ದಪ್ಪ ದಾರದಂಥದ್ದೊಂದು ಹೊರಟು, ನೆಲದ ಕಡೆ ಬಾಗಿ, ತುದಿ ಚೂಪಾಗಿ ಮಣ್ಣಿಗೆ ಇಳಿದಿತ್ತು. ಆ ತುದಿಯೇ ಮಣ್ಣೊಳಗೆ, ಕತ್ತಲಲ್ಲಿ, ಊದಿಕೊಂಡು ಕಾಯಿ ಆಗೋದು. ಮಣ್ಣು ಮುಟ್ಟದೆ ಗಾಳಿಯಲ್ಲೇ ಉಳಿದದ್ದು ಕಾಯಿ ಕಟ್ಟಲ್ಲ. ನಮಗಾಗಿ ಒಂದು ಗಿಡ ಕಿತ್ತು ಬೇರಿನ ಮೇಲಿದ್ದ ಸಣ್ಣ ಗಂಟುಗಳನ್ನು ಉಗುರಿನಿಂದ ಸೀಳಿದರು. ಒಳಗೆ ನಸುಗೆಂಪು! ಅದರಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಊಟ ಮಾಡಿಕೊಡುತ್ತೆ, ಕೆಂಪಿದ್ದರೆ ಕೆಲಸ ನಡೀತಿದೆ ಅಂತ ಲೆಕ್ಕ.

ಹೈಸ್ಕೂಲಿಗೆ ಬಂದ ಮೇಲೆ ಇನ್ನೊಂದು ತೋಟಕ್ಕೂ ಹೋಗಿದ್ದೆವು. ಜೋಕಾಲಿ, ಟ್ರ್ಯಾಕ್ಟರ್ ಸವಾರಿ, ಗುಂಪು ಫೋಟೋ, ಸಂಜೆಗೆ ವಾಪಸ್. ಮಜಾ ಇತ್ತು, ಸುಳ್ಳು ಹೇಳಲ್ಲ. ಆದರೆ ಅಲ್ಲಿ ಏನು ಬೆಳೆದಿದ್ದರು ಅಂತ ಈಗ ಕೇಳಿದರೆ ನನಗೆ ಹೇಳೋಕಾಗಲ್ಲ. ಒಂದೇ ದಿನ ಹೋದರೆ ಬೀಜ ನೋಡಿದವನು ಕಾಯಿ ನೋಡಲ್ಲ, ಕಾಯಿ ನೋಡಿದವನು ಬೀಜ ನೋಡಲ್ಲ. ನಮ್ಮ ಶಾಲೆಯ ಈಗಿನ ಮೇಷ್ಟ್ರುಗಳಿಗೆ ನನ್ನದೊಂದೇ ಕೋರಿಕೆ, ದೂರದ ದೊಡ್ಡ ತೋಟ ಬೇಡ, ಹತ್ತಿರದ ಚಿಕ್ಕದೇ ಸಾಕು, ಮಕ್ಕಳನ್ನು ಅಲ್ಲಿಗೇ ಮತ್ತೆ ಮತ್ತೆ ಕರೆದುಕೊಂಡು ಹೋಗಿ.

ಬಿತ್ತಿದ ನಾಲ್ಕು ತಿಂಗಳಿಗೆ ಕೀಳೋಕೆ ಹೋದೆವು. ನನ್ನ ನಾಲ್ಕು ಗಿಡಕ್ಕೆ ಅಕ್ಕಪಕ್ಕ ಜಾಗ ಜಾಸ್ತಿ ಸಿಕ್ಕಿತ್ತಲ್ಲ, ಒಂದೊಂದೂ ಪೊದೆ ಥರ ಹರಡಿತ್ತು. ಬುಡ ಹಿಡಿದು ಎಳೆದರೆ ಗೊಂಚಲಿಗೆ ಗೊಂಚಲೇ ಬಂತು. ಗೆಳೆಯರ ಸಾಲಿನ ಗಿಡಕ್ಕಿಂತ ನನ್ನ ಗಿಡದಲ್ಲಿ ಕಾಯಿ ಜಾಸ್ತಿ ಅಂತ ನಾನು ಕುಣಿದೆ, ಒಟ್ಟು ಲೆಕ್ಕ ಹಾಕು ಅಂತ ಅವರು ನಕ್ಕರು.

ಮಾರನೇ ದಿನ ಮೇಷ್ಟ್ರು ಕೈಗೆ ಗೋಂದು ಕೊಟ್ಟರು. ಚಾರ್ಟಿನಿಂದ ಕಡಲೆಕಾಯಿಯ ಚಿತ್ರ ಕಿತ್ತರೆ ಅರ್ಧ ಹರಿಯಿತು, ಹರಿದಿದ್ದನ್ನೇ ಕಾಯಿ ಕಡೆ ಅಂಟಿಸಿದೆವು. ಆಲೂಗಡ್ಡೆ ಮಾತ್ರ ವರ್ಷ ಮುಗಿಯೋವರೆಗೂ ಬೇರಿನ ಕಡೆಯೇ ಇತ್ತು. ಅದು ಕಾಂಡ ಅಂತ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅಕ್ಕ ಆಲೂಗಡ್ಡೆ ಬೆಳೆಯುತ್ತಿರಲಿಲ್ಲ.