ಚಿಕ್ಕಪ್ಪನ ಕೈಮೇಲೆ ಬಿದ್ದ ಮೇಣ

ಫೆಬ್ರವರಿ 2ರ ಬೆಳಗಿನ ಪೂಜೆಗೆ ಈ ಸಲ ಚಿಕ್ಕಪ್ಪನೂ ಬಂದಿದ್ದರು. ಕ್ರಿಸ್ಮಸ್ ಕಳೆದು ನಲವತ್ತನೇ ದಿನ, ಬಾಲಯೇಸುವನ್ನು ಜೆರುಸಲೇಮಿನ ದೇವಾಲಯದಲ್ಲಿ ಒಪ್ಪಿಸಿದ ಹಬ್ಬ. ನಮ್ಮ ಮನೆಯಲ್ಲಿ ಅದಕ್ಕೆ ಮೊದಲಿಂದಲೂ ಮೇಣದಬತ್ತಿ ಹಬ್ಬ ಅಂತಲೇ ಹೆಸರು. ಹೊರಗೆ ಇನ್ನೂ ಮಂಜು ಬಿಟ್ಟಿರಲಿಲ್ಲ. ಫಾದರ್ ಬತ್ತಿಗಳನ್ನು ಮಂತ್ರಿಸಿದರು, ಒಬ್ಬರಿಂದ ಒಬ್ಬರು ಹಚ್ಚಿಕೊಂಡು ಸಾಲಾಗಿ ಒಳಗೆ ನಡೆದೆವು. ಚಿಕ್ಕಪ್ಪನ ಬತ್ತಿಗೆ ಸುತ್ತಿದ್ದ ಕಾಗದ ಜಾರಿತ್ತು. ಕರಗಿದ ಮೇಣ ಹೆಬ್ಬೆರಳ ಬುಡಕ್ಕೆ ಬಿತ್ತು, ನೀರಿನಂತೆ ಹರಿದು, ನೋಡುನೋಡುತ್ತಲೇ ಬೆಳ್ಳಗಾಗಿ ಕೂತಿತು. ಅದರ ಮೇಲೆ ಇನ್ನೊಂದು ಹನಿ. ಅವರು ಕೈ ಅಲುಗಿಸಲೇ ಇಲ್ಲ. ಶುಭಸಂದೇಶ ಓದುವಾಗ ನನ್ನ ಕಣ್ಣು ಪೀಠದ ಕಡೆಗಿರಲಿಲ್ಲ, ಆ ಕೈಮೇಲೇ ಇತ್ತು. ತಪ್ಪೇ, ಒಪ್ಪಿಕೊಳ್ಳುತ್ತೇನೆ.

ಹತ್ತೊಂಬತ್ತು ವರ್ಷ ಆ ಕೈಗಾಗಿ ಅಜ್ಜಿ ಕಾದಿದ್ದರು.

ಜಗಳ ಯಾತಕ್ಕಾಯಿತು ಅನ್ನೋದು ಈಗ ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಜೂನ್ ತಿಂಗಳ ಒಂದು ರಾತ್ರಿ ಚಿಕ್ಕಪ್ಪ ಎದ್ದು ಹೋದರು. ಅಜ್ಜಿ ಕಾಫಿ ತೋಟದ ಕೂಲಿಯವರ ಲೈನು ಮನೆಯಲ್ಲಿ ಬದುಕು ಸವೆಸಿದವರು. ಹಬ್ಬದ ಬತ್ತಿಯ ತುಂಡನ್ನು ಬಿಸ್ಕತ್ತಿನ ಡಬ್ಬಿಯಲ್ಲಿ, ಜಪಸರದ ಪಕ್ಕ ಇಟ್ಟಿರುತ್ತಿದ್ದರು. ಗುಡುಗು ಸಿಡಿಲು ಬಂದರೆ ಅದನ್ನು ಹಚ್ಚಿ, ಬಾಗಿಲ ಬಳಿ ಕೂತು ಜಪಸರ ಹೇಳುವುದು. ಆಗ ಎಲ್ಲರ ಮನೆಯಲ್ಲೂ ಈ ಪದ್ಧತಿ ಇತ್ತು. ಈಗ ಪೂಜೆ ಮುಗಿದರೆ ಅರ್ಧ ಉರಿದ ಬತ್ತಿಗಳು ಬೆಂಚಿನ ಮೇಲೇ ಬಿದ್ದಿರುತ್ತವೆ. ಕರೆಂಟು ಹೋದರೆ ಮೊಬೈಲಿನ ಟಾರ್ಚು ಸಾಕು ನೋಡಿ, ಮಂತ್ರಿಸಿದ ಬತ್ತಿ ಯಾರಿಗೆ ಬೇಕು!

‘ಅವನು ಇನ್ನೆಲ್ಲಿ ಇದ್ದಾನು, ಬಿಡಿ ಅಜ್ಜಿ’ ಅಂತ ಯಾರಾದರೂ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅವರ ತವರು ಹಾಸನದ ಕಡೆ, ಶೆಟ್ಟಿಹಳ್ಳಿ. ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಅಲ್ಲಿನ ಇಗರ್ಜಿ, ಅಂದರೆ ಚರ್ಚು, ಗೊರೂರು ಅಣೆಕಟ್ಟೆ ಆದಮೇಲೆ ಹೇಮಾವತಿ ಹಿನ್ನೀರಿಗೆ ಸಿಕ್ಕಿದ್ದು ನಿಮಗೆಲ್ಲ ಗೊತ್ತು. ಈಗ ಜನ ಫೋಟೋ ತೆಗೆಯಲು ಹೋಗುತ್ತಾರೆ. ಅಜ್ಜಿ ಅನ್ನುತ್ತಿದ್ದರು: ‘ಮಳೆಗಾಲದಲ್ಲಿ ಹೋದವರು ಇಗರ್ಜಿ ಮುಳುಗೋಯ್ತು ಅಂತಾರೆ. ಬೇಸಿಗೇಲಿ ಹೋಗಿ ನೋಡಿ. ಅದು ನಿಂತಲ್ಲೇ ನಿಂತಿರುತ್ತೆ.’

ಆದರೆ ಅವರ ಪಾಲಿಗೆ ಆ ಬೇಸಿಗೆ ಬರಲಿಲ್ಲ. ಕೊನೆಯ ರಾತ್ರಿ ಅದೇ ಡಬ್ಬಿಯ ಬತ್ತಿಯನ್ನು ಅಪ್ಪ ಅವರ ಕೈಗೆ ಹಿಡಿಸಿದರು. ಚಿಕ್ಕಪ್ಪ ಬಂದದ್ದು ಅದಾಗಿ ಎರಡು ವರ್ಷಕ್ಕೆ.

ಇದನ್ನೇ ನಾನು ದೇವರ ಹತ್ತಿರ ಬಹಳ ದಿನ ಕೇಳಿದೆ. ಬೇಡಿಕೊಂಡೆ ಅನ್ನಲಾರೆ, ಜಗಳವನ್ನೇ ಆಡಿದೆ. ರಕ್ಷಕನಿಗಾಗಿ ಕಾದಿದ್ದ ಸಿಮೆಯೋನನಿಗೆ ಆ ದಿನ ದೇವಾಲಯದಲ್ಲಿ ಮಗುವನ್ನು ಕೈಯಲ್ಲಿ ಎತ್ತಿಕೊಳ್ಳುವ ಭಾಗ್ಯ ಕೊಟ್ಟಿರಿ. ಇನ್ನು ನನ್ನನ್ನು ಕಳಿಸಿಕೊಡು ಒಡೆಯಾ ಅಂತ ಆತ ನೆಮ್ಮದಿಯಿಂದ ಹೇಳಿದ. ಅದೇ ದೇವಾಲಯದಲ್ಲಿದ್ದ ಎಂಬತ್ತನಾಲ್ಕರ ವಿಧವೆ ಅನ್ನಾಳಿಗೂ ಕಾಣಿಸಿದಿರಿ. ನಮ್ಮ ಅಜ್ಜಿಗೆ ಎರಡೇ ವರ್ಷ ಹೆಚ್ಚು ಕೊಟ್ಟಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು? ಬೆಥಾನಿಯದ ಮಾರ್ತಾಳೂ ಹೀಗೇ ಕೇಳಿದವಳು ತಾನೆ. ಸೋದರ ಲಾಜರನಿಗೆ ಹುಷಾರಿಲ್ಲ ಅಂತ ಹೇಳಿಕಳಿಸಿದರೆ ಯೇಸುಸ್ವಾಮಿ ಇದ್ದಲ್ಲೇ ಇನ್ನೂ ಎರಡು ದಿನ ಉಳಿದರು. ಬರುವಷ್ಟರಲ್ಲಿ ಲಾಜರ ತೀರಿಕೊಂಡು ಸಮಾಧಿ ಸೇರಿ ನಾಲ್ಕು ದಿನ. ‘ನೀವು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ’ ಅಂತ ಮಾರ್ತಾ ಮುಖಕ್ಕೇ ಹೇಳಿದಳು. ಸ್ವಾಮಿ ಅದಕ್ಕೆ ಸಿಟ್ಟಾಗಲಿಲ್ಲ. ನನಗೆ ಧೈರ್ಯ ಬಂದದ್ದು ಅಲ್ಲಿಂದಲೇ.

ನಮಗೆ ಕಾಯುವುದು ಬರುವುದಿಲ್ಲ. ಒಂಬತ್ತು ದಿನದ ನೊವೇನ ಪ್ರಾರ್ಥನೆ ಮುಗಿಸಿ ಹತ್ತನೇ ದಿನ ರಸೀತಿ ಕೇಳುವವರು ನಾವು. ಆ ಸಾಲಿನಲ್ಲಿ ಮೊದಲು ನಿಲ್ಲುವವಳು ನಾನು. ಬೆಳೆಗಾರ ಮಳೆಗೆ ಕಾಯುವಂತೆ ತಾಳ್ಮೆಯಿಂದಿರಿ ಅಂತ ಸಂತ ಯಾಕೋಬ ಬರೆದದ್ದು ಚಿಕ್ಕಮಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರವರಿ ಅಂದರೆ ಕುಯ್ಲು ಮುಗಿಯುತ್ತಾ ಬಂದು, ಕಣದಲ್ಲಿ ಕಾಫಿ ಒಣಗುತ್ತಾ, ಎಲ್ಲರೂ ಕಾಫಿ ಗಿಡ ಹೂ ಬಿಡಿಸುವ ಹೂಮಳೆಗೆ ಆಕಾಶ ನೋಡುವ ಕಾಲ. ಇವತ್ತು ಮಳೆ ಬಿದ್ದರೆ ನಾಳೆಯೇ ಹೂವಾಗುವುದಿಲ್ಲ, ವಾರ ಹತ್ತು ದಿನ ಬೇಕು. ಕಣದಲ್ಲಿ ಕಾಫಿ ಹರವಿದ್ದಾಗಲೇ ಬಿದ್ದರೆ ಬಯ್ಯುವವರೂ ನಾವೇ. ಕೆರೆ ನೀರಿದ್ದವರು ಸ್ಪ್ರಿಂಕ್ಲರ್ ಹಾಕಿ ರೊಬಸ್ಟಾ ಕಾಫಿಗೆ ಹೂ ಬರಿಸಿಕೊಳ್ಳುತ್ತಾರೆ, ಅದು ತಪ್ಪಲ್ಲ. ಲೈನು ಮನೆಯ ಅಜ್ಜಿಗೆ ಅಂಥ ಅನುಕೂಲ ಯಾವುದರಲ್ಲೂ ಇರಲಿಲ್ಲ. ಹಾಗಂತ ಅವರು ಕೈಕಟ್ಟಿ ಕೂತವರೂ ಅಲ್ಲ. ಬೆಳಿಗ್ಗೆ ಏಳಕ್ಕೆ ಕಣದಲ್ಲಿ ಕಾಫಿ ಕೆದಕುತ್ತಿದ್ದರು, ಸಂಜೆ ಜಪಸರ, ನಡುವೆ ಸೊಸೆಯಂದಿರ ಮೇಲೆ ಒಂದಿಷ್ಟು ರೇಗಾಟ. ಅವರು ಕಾದದ್ದು ಹಾಗೆ.

ನಮ್ಮ ಪ್ರಧಾನಾಲಯ, ಅಂದರೆ ಬಿಷಪರ ಇಗರ್ಜಿ, ಯೇಸುವಿನ ಸಾಕುತಂದೆ ಸಂತ ಜೋಸೆಫರ ಹೆಸರಿನದು. ಶುಭಸಂದೇಶಗಳಲ್ಲಿ ಅವರು ಆಡಿದ ಒಂದು ಮಾತೂ ಇಲ್ಲ. ದೂತ ಎದ್ದೇಳು ಅಂದಾಗ ಎದ್ದರು, ಇರು ಅಂದಲ್ಲಿ ಇದ್ದರು. ಪೂಜೆ ಮುಗಿದ ಮೇಲೆ ಅವರ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ಕೂತೆ. ಆ ಎರಡು ವರ್ಷದ ಲೆಕ್ಕ ಕೇಳಬೇಕು ಅಂತಲೇ ಕೂತದ್ದು. ಯಾಕೋ ಬಾಯಿಗೆ ಬರಲಿಲ್ಲ. ಚಿಕ್ಕಪ್ಪ ಪಕ್ಕದಲ್ಲಿ ಕೂತು ಕೈಮೇಲಿನ ಮೇಣವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದರು. ಅಡಿಯಲ್ಲಿ ಚರ್ಮ ಕೆಂಪಾಗಿತ್ತು. ಉಳಿದ ಬತ್ತಿಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಮೆಟ್ಟಿಲು ಇಳಿಯುವಾಗ ಕೇಳಿದರು, ‘ಅವ್ವ ನನ್ನ ಬೈತಿದ್ಲೇನಮ್ಮಾ?’

‘ಬೈತಿದ್ರು ಚಿಕ್ಕಪ್ಪ. ಗುಡುಗು ಬಂದಾಗಲೆಲ್ಲ. ಆ ಮಳೇಲಿ ಕೊಡೆ ಬಿಟ್ಟು ಹೋದ ಅಂತ.’